ಗುಜರಿ ಸೇರಿದ ಗಣಕಯಂತ್ರಗಳ ಕಾಲನಿರ್ಣಯ ಮತ್ತು ಮೂಲನಿರ್ಣಯ

ನಮ್ಮ ನಾಡಿನಲ್ಲಿ ಬರೆಹವುಳ್ಳ ಹಳೆಯ ಕಲ್ಲೊಂದು ದೊರೆತರೆ, ಅದರ ಕಾಲವೇನು, ಅದನ್ನು ಬರೆಯಿಸಿದವರಾರು, ಅದು ಮೊದಲಿನಿಂದಲೂ ಅಲ್ಲಿಯೇ ಇದ್ದುದೋ ಬೇರೆಡೆಯಿಂದ ಬಂದುದೋ ಎಂದು ವಿಚಾರಿಸುವ ಪದ್ಧತಿ ಚೆನ್ನಾಗಿ ನೆಲೆಗೊಂಡಿದೆ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ. ಆದರೂ ಲಿಪಿಯ ರೂಪ, ಭಾಷೆಯ ಸ್ಥಿತಿ, ಅದರಲ್ಲಿ ಉಕ್ತನಾದ ಅರಸನ ಹೆಸರು ಇವುಗಳ ಆಧಾರದಿಂದ ಅದು ಸುಮಾರು ಐದನೆಯ ಶತಮಾನದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಇಂತಹುದೇ ವಿಚಾರಣೆಗೆ ಅರ್ಹವಾದ ಇನ್ನೊಂದು ಬಗೆಯ ಅವಶೇಷಗಳು ಬೆಂಗಳೂರಿನ ಸುತ್ತಣ ಗುಜರಿ ಅಂಗಡಿಗಳಲ್ಲಿ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತಿವೆ. ಅವೇ ಹಿಂದಿನ ತಲೆಮಾರಿನ ಗಣಕಯಂತ್ರಗಳು. ಹೆಸರಾಂತ ತಯಾರಕರ ಪ್ರಸಿದ್ಧ ಯಂತ್ರಗಳ ವಿವರವನ್ನು ತಿಳಿಯುವುದು ಸುಲಭ. ಅಪ್ರಸಿದ್ಧವಾದ, ಮುಖಫಲಕ ಕಳೆದುಹೋದ, ಕೈಪಿಡಿಯಿಲ್ಲದ ಯಂತ್ರವೊಂದು ಕೈಗೆ ಬಂದಾಗ ಅದನ್ನು ಗುರುತಿಸುವ ಕ್ರಮವೇನು ಎಂಬುದನ್ನು ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಉಪಯೋಗವಾಗುವಂತೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವೈಟ್‌ಫೀಲ್ಡಿನ ರಾಶಿಯಲ್ಲಿನ ಮೂರು ಪದರಗಳು

ವೈಟ್‌ಫೀಲ್ಡಿನ ಕಡೆಯ ಗುಜರಿ ರಾಶಿಯನ್ನು ಪರಿಶೀಲಿಸುವವನು ಮೊದಲು ಆ ಪ್ರದೇಶದ ಚರಿತ್ರೆಯನ್ನು ಅರಿತಿರಬೇಕು. ಸ್ಥೂಲವಾಗಿ ಹೇಳುವುದಾದರೆ ಇಲ್ಲಿ ಮೂರು ಪದರಗಳನ್ನು ಎಣಿಸಬಹುದು. ಮೊದಲನೆಯದು ಸಾರ್ವಜನಿಕ ಉದ್ಯಮಗಳ ಪದರ. ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ನಗರದ ಇತರ ಭಾಗಗಳಲ್ಲಿನ ಎಚ್.ಎ.ಎಲ್., 1953ರ ಎಚ್.ಎಂ.ಟಿ., 1954ರ ಬಿ.ಇ.ಎಲ್. ಮುಂತಾದವುಗಳಿಂದ ಬಂದ ಸಾಮಗ್ರಿ ಇದಕ್ಕೆ ಸೇರುತ್ತದೆ. ಎರಡನೆಯದು 1978ರಲ್ಲಿ ಐ.ಬಿ.ಎಂ. ಸಂಸ್ಥೆ ಭಾರತದಿಂದ ನಿರ್ಗಮಿಸಿದ ತರುವಾಯ, ನಮ್ಮ ದೇಶದ ಕಂಪನಿಗಳೇ ಯಂತ್ರಗಳನ್ನು ಕಟ್ಟಿ ಮಾರಿದ ಕಾಲದ ಪದರ. ಮೂರನೆಯದು 1994ರಲ್ಲಿ ಭಾರತ ಮತ್ತು ಸಿಂಗಪುರಗಳ ಸಹಯೋಗದಿಂದ ಆರಂಭವಾಗಿ 1998ರಲ್ಲಿ ಬಳಕೆಗೆ ಬಂದ ಇಂಟರ್‌ನ್ಯಾಷನಲ್ ಟೆಕ್ ಪಾರ್ಕಿನ ನಂತರ ನೆಲೆಯೂರಿದ ವಿದೇಶೀ ಸಂಸ್ಥೆಗಳ ಪ್ರಯೋಗಾಲಯಗಳಿಂದ ಹೊರಬಿದ್ದ ಸಾಮಗ್ರಿ. ಈ ಮೂರನೆಯ ಪದರದಲ್ಲಿ ಮಾರುಕಟ್ಟೆಗೆ ಎಂದೂ ಬಾರದ ಪರೀಕ್ಷಾ ಮಾದರಿಗಳೂ ಸಿಗುವ ಸಂಭವವುಂಟು. ಅಂತಹವುಗಳ ಚಿಪ್ ಮೇಲೆ ವ್ಯಾಪಾರದ ಹೆಸರಿನ ಬದಲು ಮಾದರಿಯೆಂಬ ಸಂಕೇತ ಮಾತ್ರ ಇರುತ್ತದೆ.

ಗುಜರಿಯಲ್ಲಿ ಈ ಪದರಗಳು ಭೂಮಿಯೊಳಗಿನ ಪದರಗಳಂತೆ ಕ್ರಮವಾಗಿ ಇರುವುದಿಲ್ಲ, ಕಲಸಿಹೋಗಿರುತ್ತವೆ. ಒಂದು ಸಂಸ್ಥೆಯ ಹರಾಜಿನಿಂದ ಬಂದ ಪೆಟ್ಟಿಗೆ, ಇನ್ನೊಂದರ ಕೀಬೋರ್ಡು, ಮತ್ತೊಂದರ ವಿದ್ಯುತ್ ಪೂರಕ ಒಂದೇ ಮೂಟೆಯಲ್ಲಿ ಸೇರಿ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳವರೆಗೂ ಪ್ರಯಾಣ ಮಾಡುವುದುಂಟು. ಆದಕಾರಣ ವಸ್ತು ಎಲ್ಲಿ ದೊರೆಯಿತು, ಅದರೊಡನೆ ಏನೇನಿತ್ತು, ಮಾರಿದವರು ಅದನ್ನು ಎಲ್ಲಿಂದ ಬಂದುದೆಂದು ಹೇಳಿದರು ಎಂಬ ಮೂರು ಸಂಗತಿಗಳನ್ನು ಅಂಗಡಿಯಿಂದ ಹೊರಡುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಇವು ಒಮ್ಮೆ ತಪ್ಪಿಹೋದರೆ ಮತ್ತೆ ದೊರೆಯವು.

ಹೊರಗಣ ಹೆಸರಿನ ಪ್ರಾಮಾಣ್ಯ

ಯಂತ್ರದ ಮುಂಭಾಗದಲ್ಲಿ ಅಂಟಿಸಿರುವ ಹೆಸರು ಮೊದಲು ಕಣ್ಣಿಗೆ ಬೀಳುವುದಾದರೂ ಸಾಕ್ಷ್ಯದ ದೃಷ್ಟಿಯಿಂದ ಅದು ದುರ್ಬಲವಾದುದು. ಅದು ಯಾರು ಮಾರಿದರೆಂಬುದನ್ನು ತಿಳಿಸುವುದೇ ಹೊರತು ಯಾರು ರಚಿಸಿದರೆಂಬುದನ್ನಲ್ಲ. ಇದಕ್ಕೆ ಉತ್ತಮ ನಿದರ್ಶನ ಎಸ್.ಸಿ.ಎಲ್. ಯೂನಿಕಾರ್ನ್ ಎಂಬ ಯಂತ್ರ. 1984–85ರಲ್ಲಿ ಭಾರತ ಸರ್ಕಾರ ಶಾಲೆಗಳಲ್ಲಿ ಗಣಕಶಿಕ್ಷಣವನ್ನು ಆರಂಭಿಸಿದ ‘ಕ್ಲಾಸ್’ ಯೋಜನೆಗೆ ಬ್ರಿಟನ್ನಿನ ಬಿ.ಬಿ.ಸಿ. ಮೈಕ್ರೋ ಯಂತ್ರವನ್ನು ಆರಿಸಿಕೊಳ್ಳಲಾಯಿತು. ಕೇಂಬ್ರಿಡ್ಜಿನ ಏಕಾರ್ನ್ ಸಂಸ್ಥೆ 1981ರಲ್ಲಿ ಹೊರತಂದ ಈ ಯಂತ್ರವನ್ನು ಚಂಡೀಗಢದ ಬಳಿಯ ಮೊಹಾಲಿಯಲ್ಲಿದ್ದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಪರವಾನಗಿ ಪಡೆದು ಯೂನಿಕಾರ್ನ್ ಎಂಬ ಹೆಸರಿನಲ್ಲಿ ತಯಾರಿಸಿತು. ಹೊರಹೆಸರನ್ನು ಮಾತ್ರ ನೋಡಿದವರು ಇದನ್ನು ಸ್ವತಂತ್ರವಾದ ಭಾರತೀಯ ರಚನೆಯೆಂದು ಭಾವಿಸಬಹುದು. ಒಳಗೆ ನೋಡಿದರೆ 6502ಎ ಸಂಸ್ಕಾರಕ, 16 ಮೆಗಾಹರ್ಟ್ಸ್ ಸ್ಫಟಿಕ, 32 ಕಿಲೋಬೈಟ್ ಸ್ಮರಣೆ ಎಲ್ಲವೂ ಅದರ ಮೂಲವನ್ನು ಸಾರಿ ಹೇಳುತ್ತವೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕಯಂತ್ರವನ್ನು ನಿರ್ಮಿಸಿತು. ಒಂದೇ ಲೆಕ್ಕವನ್ನು ಭಾಗ ಮಾಡಿ ಹಲವು ಸಂಸ್ಕಾರಕಗಳಿಗೆ ಏಕಕಾಲದಲ್ಲಿ ಹಂಚುವ ಯಂತ್ರಗಳಲ್ಲಿ ಇದು ಭಾರತದಲ್ಲಿ ಮೊದಲನೆಯದೆಂದು ಪರಿಗಣಿತವಾಗಿದೆ. ಅದರಲ್ಲಿದ್ದುದು ಆಗ ಎಲ್ಲೆಡೆಯೂ ದೊರೆಯುತ್ತಿದ್ದ ಇಂಟೆಲ್ 8086 ಮತ್ತು 8087 ಚಿಪ್‌ಗಳೇ. ಅದರ ಹಿರಿಮೆಯಿದ್ದುದು ಅವುಗಳನ್ನು ಜೋಡಿಸಿದ ರೀತಿಯಲ್ಲಿ. ಇಂತಹ ಯಂತ್ರವನ್ನು ಬಿಚ್ಚಿ ಬೋರ್ಡುಗಳನ್ನು ಬೇರೆಬೇರೆ ಮೂಟೆಗಳಿಗೆ ಹಾಕಿದರೆ ಉಳಿಯುವುದು ಸಾಮಾನ್ಯವಾದ ಕೆಲವು ಬೋರ್ಡುಗಳು ಮಾತ್ರ. ಯಂತ್ರ ಎಂಬುದೇ ಇಲ್ಲವಾಗುತ್ತದೆ. ಪ್ರಯೋಗಾಲಯಗಳಲ್ಲಿ ಒಂದೊಂದೇ ಪ್ರತಿಯಾಗಿ ನಿರ್ಮಿತವಾದ ಯಂತ್ರಗಳಿಗೆಲ್ಲ ಈ ಮಾತು ಅನ್ವಯಿಸುತ್ತದೆ. ಆದುದರಿಂದ ಬೋರ್ಡುಗಳು ಯಾವ ಕ್ರಮದಲ್ಲಿ ನಿಂತಿವೆ, ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದನ್ನು ಬಿಚ್ಚುವ ಮುನ್ನ ಛಾಯಾಚಿತ್ರ ತೆಗೆದಿಡುವುದು ಈ ಕಾರ್ಯದ ಪ್ರಥಮ ನಿಯಮ.

ಎರಡನೆಯ ನಿಯಮವೂ ಅಷ್ಟೇ ಮುಖ್ಯವಾದುದು: ಅಪರಿಚಿತ ಯಂತ್ರಕ್ಕೆ ಎಂದಿಗೂ ಒಡನೆಯೇ ವಿದ್ಯುತ್ತನ್ನು ಕೊಡಕೂಡದು. ವಿದ್ಯುತ್ ಪೂರಕದಲ್ಲಿನ ಹಳೆಯ ಕೆಪಾಸಿಟರುಗಳು ಒಡೆಯಬಹುದು. ಚಿತ್ರನಳಿಗೆಯಲ್ಲಿ ಹತ್ತು ಸಾವಿರ ವೋಲ್ಟನ್ನೂ ಮೀರಿದ ಒತ್ತಡ ಯಂತ್ರವನ್ನು ಆರಿಸಿದ ಮೇಲೂ ಉಳಿದಿರಬಹುದು. ಬೋರ್ಡಿನ ಮೇಲಣ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದಿದ್ದರೆ ಅದನ್ನು ಮೊದಲು ತೆಗೆಯಬೇಕು. ಗುರುತಿಸುವ ಕೆಲಸದ ಬಹುಭಾಗಕ್ಕೆ ವಿದ್ಯುತ್ತು ಬೇಕಾಗಿಯೇ ಇಲ್ಲ.

ಚಿಪ್‌ಗಳ ಮೇಲಣ ಕಾಲಸೂಚಿ

ಬಹುಪಾಲು ತಯಾರಕರು ಚಿಪ್‌ನ ಮೇಲೆ ಅದರ ಸಂಖ್ಯೆಯೊಡನೆ ನಾಲ್ಕು ಅಂಕಿಗಳ ಕಾಲಸೂಚಿಯೊಂದನ್ನು ಮುದ್ರಿಸುತ್ತಾರೆ. ಮೊದಲ ಎರಡು ಅಂಕಿಗಳು ವರ್ಷವನ್ನೂ ಕೊನೆಯ ಎರಡು ವಾರವನ್ನೂ ಸೂಚಿಸುತ್ತವೆ. 8423 ಎಂದರೆ 1984ರ 23ನೆಯ ವಾರ, ಅರ್ಥಾತ್ ಜೂನ್ ತಿಂಗಳ ಆದಿಭಾಗ. ಎಲ್ಲರೂ ಇದೇ ಕ್ರಮವನ್ನು ಅನುಸರಿಸುವುದಿಲ್ಲ. ಜಪಾನಿನ ಕೆಲವರು ವರ್ಷಕ್ಕೆ ಒಂದೇ ಅಂಕಿಯನ್ನೂ ತಿಂಗಳಿಗೆ ಒಂದು ಅಕ್ಷರವನ್ನೂ ಬಳಸಿದ್ದಾರೆ.

ಇಲ್ಲಿ ಎರಡು ಭ್ರಾಂತಿಗಳಿಗೆ ಆಸ್ಪದವಿದೆ. ಚಿಪ್‌ನ ಸಂಖ್ಯೆಯೇ ಕಾಲಸೂಚಿಯಂತೆ ತೋರುವುದು ಮೊದಲನೆಯದು. ಇಂಟೆಲ್ಲಿನ 8251 ಎಂಬುದು ಸಂದೇಶಗಳನ್ನು ಒಂದರ ಹಿಂದೊಂದರಂತೆ ಕಳುಹಿಸುವ ಚಿಪ್‌ನ ಹೆಸರು. ಅದನ್ನೇ 1982ರ 51ನೆಯ ವಾರವೆಂದೂ ಓದಬಹುದು. 7404, 7432 ಎಂಬ ತರ್ಕದ್ವಾರಗಳ ಸಂಖ್ಯೆಗಳೂ ಇದೇ ಬಗೆಯವು. ಇನ್ನೊಂದು ಭ್ರಾಂತಿ ಕೃತಿಸ್ವಾಮ್ಯದ ವರ್ಷದಿಂದ ಉಂಟಾಗುವಂತಹುದು. 8086ರ ಮೇಲೆ ಇಂಟೆಲ್ 1978 ಎಂದು ಮುದ್ರಿತವಾಗಿರುತ್ತದೆ. ಅದು ರಚನೆಯ ಹಕ್ಕು ದಾಖಲಾದ ವರ್ಷವೇ ಹೊರತು ಆ ಚಿಪ್ ತಯಾರಾದ ವರ್ಷವಲ್ಲ. 1985ರಲ್ಲಿ ತಯಾರಾದ ಚಿಪ್ ಕೂಡ ಅದೇ 1978ನ್ನು ಹೊತ್ತಿರಬಹುದು.

ಕಾಲಸೂಚಿಗಳಿಂದ ತರ್ಕಿಸುವ ವಿಧಾನವನ್ನು ಕಲ್ಪಿತವಾದ ಉದಾಹರಣೆಯೊಂದರಿಂದ ವಿಶದಪಡಿಸಬಹುದು. ಒಂದು ಬೋರ್ಡಿನ ಮೇಲೆ 8112, 8209, 8247, 8310 ಎಂಬ ಕಾಲಸೂಚಿಗಳು ಹೆಚ್ಚಾಗಿ ಕಾಣಿಸುತ್ತವೆ. ಸ್ಮರಣೆಯ ಒಂದು ಚಿಪ್ ಮೇಲೆ ಮಾತ್ರ 8902 ಎಂದಿದೆ ಎಂದು ಇಟ್ಟುಕೊಳ್ಳೋಣ. ಬೆಸುಗೆ ಹಾಕಿದ ಚಿಪ್‌ಗಳಲ್ಲಿ ಅತ್ಯಂತ ಈಚಿನದು 8310 ಆದ ಪಕ್ಷದಲ್ಲಿ ಆ ಬೋರ್ಡು 1983ರ ಮಾರ್ಚಿಗಿಂತ ಮುಂಚೆ ಸಿದ್ಧವಾಗಿರಲಾರದು. 8902ರ ಚಿಪ್ ಕಳಚಿ ಹಾಕಬಹುದಾದ ಕುಳಿಯಲ್ಲಿ ಕುಳಿತಿದ್ದರೆ ಅದು ದುರಸ್ತಿಯ ಗುರುತು. ಅದರಿಂದ ಯಂತ್ರ 1989ರಲ್ಲಿಯೂ ಬಳಕೆಯಲ್ಲಿತ್ತೆಂದು ಊಹಿಸಬಹುದು. ಹೀಗೆ ಒಂದೇ ಬೋರ್ಡಿನಿಂದ ಯಂತ್ರದ ಜನನಕಾಲಕ್ಕೆ ಮೇಲಣ ಎಲ್ಲೆಯೂ ಅದರ ಬಾಳಿನ ಒಂದು ಹಂತವೂ ದೊರೆತಂತಾಯಿತು. ಒಂದೇ ಚಿಪ್‌ನ ಕಾಲಸೂಚಿಯನ್ನು ನೋಡಿ ತೀರ್ಮಾನಿಸುವುದು ಒಂದೇ ಅಕ್ಷರವನ್ನು ನೋಡಿ ಶಾಸನದ ಕಾಲವನ್ನು ಹೇಳಿದಂತೆ. ಎಲ್ಲವನ್ನೂ ಪಟ್ಟಿಮಾಡಿ ನೋಡಬೇಕು.

ಸಣ್ಣಪುಟ್ಟ ಬಿಡಿಭಾಗಗಳನ್ನೂ ಕಡೆಗಣಿಸಲಾಗದು. ಮುಖ್ಯ ಚಿಪ್‌ಗಳು ವಿದೇಶದವಾಗಿದ್ದು ಕೆಪಾಸಿಟರುಗಳ ಮೇಲೆ ಕೆಲ್ಟ್ರಾನ್ ಎಂದೂ ಟ್ರಾನ್ಸಿಸ್ಟರುಗಳ ಮೇಲೆ ಬಿ.ಇ.ಎಲ್. ಎಂದೂ ಇದ್ದರೆ, ಬೋರ್ಡನ್ನು ಭಾರತದಲ್ಲಿಯೇ ಜೋಡಿಸಿದರೆಂಬುದಕ್ಕೆ ಅದು ಬಲವಾದ ಆಧಾರ. ಹೊರಗಿನಿಂದ ಸಿದ್ಧವಾಗಿ ಬಂದ ಯಂತ್ರಕ್ಕೆ ಇಲ್ಲಿ ಹೆಸರನ್ನು ಮಾತ್ರ ಅಂಟಿಸಿದ್ದರೆ ಇಂತಹ ಬಿಡಿಭಾಗಗಳು ಕಾಣಸಿಗುವುದು ಅಪೂರ್ವ.

ಸ್ಫಟಿಕ ಮತ್ತು ಜೋಡಣೆಯ ಸೀಳುಗಳು

ಕಾಲ ತಿಳಿದ ಬಳಿಕ ವಂಶವನ್ನು ಅರಸಬೇಕು. ಸಂಸ್ಕಾರಕದ ಹೆಸರು ಇದಕ್ಕೆ ಮೊದಲ ಸೂಚನೆ: 8080 ಬಂದುದು 1974ರಲ್ಲಿ, 6502 ಬಂದುದು 1975ರಲ್ಲಿ, ಜಡ್-80 ಮತ್ತು 8085 ಬಂದುದು 1976ರಲ್ಲಿ, 8086 ಬಂದುದು 1978ರಲ್ಲಿ. ಆದರೆ ಒಂದೇ ಸಂಸ್ಕಾರಕ ನೂರಾರು ಯಂತ್ರಗಳಲ್ಲಿರುವುದರಿಂದ ಇದಿಷ್ಟೇ ಸಾಲದು. ಲೋಹದ ಪುಟ್ಟ ಡಬ್ಬಿಯಂತಿರುವ ಸ್ಫಟಿಕದ ಮೇಲೆ ಮುದ್ರಿತವಾದ ಆವರ್ತಸಂಖ್ಯೆ ಹೆಚ್ಚು ಖಚಿತವಾದ ಸಾಕ್ಷ್ಯವನ್ನು ನೀಡುತ್ತದೆ. 14.31818 ಮೆಗಾಹರ್ಟ್ಸ್ ಎಂಬ ವಿಚಿತ್ರವಾದ ಸಂಖ್ಯೆ ಅಮೆರಿಕದ ಬಣ್ಣದ ಟೆಲಿವಿಷನ್ನಿನ ಮೂಲ ಆವರ್ತದ ನಾಲ್ಕರಷ್ಟು. ಅದನ್ನು ಮೂರರಿಂದ ಭಾಗಿಸಿದರೆ ಬರುವ 4.77 ಮೆಗಾಹರ್ಟ್ಸ್ 1981ರ ಐ.ಬಿ.ಎಂ. ವೈಯಕ್ತಿಕ ಗಣಕದ ವೇಗ. ಈ ಸ್ಫಟಿಕವೂ 62 ಸಂಪರ್ಕಗಳ ಸೀಳುಗಳೂ ಒಟ್ಟಿಗೆ ಕಂಡರೆ ಯಂತ್ರ ಐ.ಬಿ.ಎಂ. ವಂಶದ್ದೆಂದು ಧೈರ್ಯವಾಗಿ ಹೇಳಬಹುದು. ಅದೇ ಸಾಲಿನಲ್ಲಿ 36 ಸಂಪರ್ಕಗಳ ಇನ್ನೊಂದು ತುಂಡು ಸೇರಿದ್ದರೆ ಅದು 1984ರ ತರುವಾಯದ್ದು. ಅದಕ್ಕೆ ಬದಲಾಗಿ ನೂರು ಸಂಪರ್ಕಗಳ ಸೀಳುಗಳಿದ್ದರೆ ನಾವು ಐ.ಬಿ.ಎಂ. ಮಾದರಿಗಿಂತ ಹಿಂದಿನ ಎಸ್-100 ಪರಂಪರೆಯಲ್ಲಿದ್ದೇವೆ. ಯೂರೋಪಿನ ಬಣ್ಣದ ಟೆಲಿವಿಷನ್ನಿಗೆ ಹೊಂದುವ 4.43 ಮೆಗಾಹರ್ಟ್ಸ್ ಸ್ಫಟಿಕವಿದ್ದರೆ ಅದು ಮನೆಯ ಟೆಲಿವಿಷನ್ನಿಗೆ ಜೋಡಿಸುವ ಯಂತ್ರವಾಗಿರಬಹುದು. ಭಾರತ 1982ರಲ್ಲಿ ಬಣ್ಣದ ಪ್ರಸಾರವನ್ನು ಆರಂಭಿಸಿದಾಗ ಆರಿಸಿಕೊಂಡುದೂ ಈ ಪದ್ಧತಿಯನ್ನೇ.

ಸಂಸ್ಕಾರಕವಿದ್ದ ಮಾತ್ರಕ್ಕೆ ಬೋರ್ಡು ಗಣಕಯಂತ್ರದ್ದೇ ಎಂದು ಭಾವಿಸಬಾರದೆಂಬುದನ್ನು ಈ ಪ್ರದೇಶದಲ್ಲಿ ವಿಶೇಷವಾಗಿ ನೆನಪಿಡಬೇಕು. ಟೆಲಿಫೋನ್ ವಿನಿಮಯಕೇಂದ್ರಗಳಲ್ಲಿಯೂ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸ್ವಯಂಚಾಲಿತ ಲೇತುಗಳಲ್ಲಿಯೂ ಅಳತೆಯ ಉಪಕರಣಗಳಲ್ಲಿಯೂ ಇವೇ ಸಂಸ್ಕಾರಕಗಳನ್ನು ಬಳಸಿದ್ದಾರೆ. ಕೀಬೋರ್ಡು, ತೆರೆ, ತಟ್ಟೆಯ ಚಾಲಕ ಇವುಗಳಿಗೆ ಸಂಪರ್ಕವುಂಟೋ, ಇಲ್ಲವೆ ಮೋಟಾರು ಮತ್ತು ರಿಲೇಗಳಿಗೆ ಮಾತ್ರ ಉಂಟೋ ಎಂಬುದನ್ನು ನೋಡಿದರೆ ಸಂದೇಹ ಸಾಮಾನ್ಯವಾಗಿ ಪರಿಹಾರವಾಗುತ್ತದೆ.

ಒಳಗೆ ಅಡಗಿದ ಬರಹ

ಚಿಪ್‌ಗಳ ನಡುವೆ ಕೆಲವಕ್ಕೆ ಗಾಜಿನ ಸಣ್ಣ ಕಿಟಕಿಯಿದ್ದು ಅದರ ಮೇಲೆ ಕಾಗದದ ಚೀಟಿಯನ್ನು ಅಂಟಿಸಿರುತ್ತಾರೆ. ಇವು ಅಳಿಸಿ ಬರೆಯಬಹುದಾದ ಸ್ಥಿರಸ್ಮರಣೆಗಳು. ನೇರಳಾತೀತ ಕಿರಣ ಆ ಕಿಟಕಿಯ ಮೂಲಕ ಬಿದ್ದರೆ ಒಳಗಿನ ಬರಹ ಅಳಿದುಹೋಗುತ್ತದೆ. ಚೀಟಿ ಅಂಟಿಸಿರುವುದು ಬರಹದ ರಕ್ಷಣೆಗಾಗಿ. ಅದರ ಮೇಲೆ ಕೈಬರಹದಲ್ಲಿ ಆವೃತ್ತಿಯ ಸಂಖ್ಯೆಯೋ ದಿನಾಂಕವೋ ಇರುವುದೂ ಉಂಟು. ಆದುದರಿಂದ ಚೀಟಿಯನ್ನು ಯಾವ ಕಾರಣಕ್ಕೂ ಕೀಳಬಾರದು.

2716 ಎಂಬ ಚಿಪ್‌ನಲ್ಲಿ 2 ಕಿಲೋಬೈಟ್, 2732ರಲ್ಲಿ 4, 2764ರಲ್ಲಿ 8 ಕಿಲೋಬೈಟ್ ಬರಹವಿರುತ್ತದೆ. ಎಲೆಕ್ಟ್ರಾನಿಕ್ಸ್ ವಿಭಾಗವುಳ್ಳ ಅನೇಕ ಕಾಲೇಜುಗಳಲ್ಲಿ ಇವನ್ನು ಓದುವ ಉಪಕರಣ ಉಂಟು. ಓದಿ ತೆಗೆದ ಬೈಟುಗಳನ್ನು ಅಕ್ಷರರೂಪದಲ್ಲಿ ತೆರೆದರೆ, ಯಂತ್ರ ಆರಂಭವಾಗುವಾಗ ತೆರೆಯ ಮೇಲೆ ತೋರಿಸುವ ವಾಕ್ಯ, ತಯಾರಕರ ಹೆಸರು, ವರ್ಷ ಇವು ಸಂಕೇತಗಳ ನಡುವೆ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಸಾಮಾನ್ಯ. ಮುಖಫಲಕ ಕಳೆದುಹೋದ ಯಂತ್ರ ತನ್ನ ಹೆಸರನ್ನು ತಾನೇ ಹೇಳುವುದು ಇಲ್ಲಿ. ಬಿ.ಬಿ.ಸಿ. ಮೈಕ್ರೋ ಯಂತ್ರದ 1.20ನೆಯ ಆವೃತ್ತಿಯ ಮೂಲತಂತ್ರದಲ್ಲಿ ಒಂದು ಸ್ವಾರಸ್ಯವಿದೆ. ಸ್ಮರಣೆಯ ಆ ಭಾಗವನ್ನು ಹೊರಸಂಪರ್ಕದ ಸಾಧನಗಳು ಆಕ್ರಮಿಸಿಕೊಳ್ಳುವುದರಿಂದ, ಓಡುತ್ತಿರುವ ಯಂತ್ರಕ್ಕೆ ಎಂದೂ ಕಾಣದ 768 ಬೈಟುಗಳಷ್ಟು ಜಾಗ ಅದರಲ್ಲಿ ಉಳಿದಿತ್ತು. ಅಲ್ಲಿ ರಚನಕಾರರು ತಮಗೆ ನೆರವಾದವರ ಹೆಸರುಗಳನ್ನು ಬರೆದಿಟ್ಟರು. ಚಿಪ್ಪನ್ನೇ ಕಳಚಿ ಓದಿದವರಿಗೆ ಮಾತ್ರ ಆ ಪಟ್ಟಿ ಗೋಚರವಾಗುತ್ತದೆ.

ತಟ್ಟೆಗಳ ವಿಷಯದಲ್ಲಿ ಬೇರೊಂದು ಎಚ್ಚರಿಕೆ ಅವಶ್ಯ. ಅವುಗಳಲ್ಲಿ ಹಿಂದಿನ ಒಡೆಯರ ಖಾಸಗಿ ಪತ್ರಗಳೂ ಲೆಕ್ಕಗಳೂ ಉಳಿದಿರಬಹುದು. ಸಂಶೋಧಕನಿಗೆ ಬೇಕಾದುದು ಯಂತ್ರವನ್ನು ನಡೆಸುವ ಮೂಲತಂತ್ರ ಮಾತ್ರ. ಉಳಿದುದನ್ನು ಓದುವ ಹಕ್ಕು ಅವನಿಗಿಲ್ಲ.

ಚೀಟಿಗಳು ಮತ್ತು ದಾಸ್ತಾನು ಪುಸ್ತಕ

ಯಂತ್ರದ ಹಿಂಬದಿಯ ಚೀಟಿಗಳು ಅದು ಎಲ್ಲಿ ಬಾಳಿತೆಂಬುದನ್ನು ತಿಳಿಸುತ್ತವೆ. ಐ.ಬಿ.ಎಂ. ನಿರ್ಗಮಿಸಿದ ಮೇಲೆ ಅದರ ಯಂತ್ರಗಳ ನಿರ್ವಹಣೆಯನ್ನು ವಹಿಸಿಕೊಂಡುದು ಸರ್ಕಾರದ ಕಂಪ್ಯೂಟರ್ ಮೆಯಿಂಟೆನೆನ್ಸ್ ಕಾರ್ಪೊರೇಷನ್. ಐ.ಬಿ.ಎಂ. ಯಂತ್ರವೊಂದರ ಮೇಲೆ ಸಿ.ಎಂ.ಸಿ. ನಿರ್ವಹಣೆಯ ಚೀಟಿಯಿದ್ದರೆ ಅದು 1978ರ ಬಳಿಕವೂ ಭಾರತದಲ್ಲಿ ದುಡಿಯಿತೆಂದು ತಿಳಿಯಬಹುದು. ಸಂಸ್ಥೆಗಳು ಬಣ್ಣದಲ್ಲಿ ಬರೆದ ದಾಸ್ತಾನು ಸಂಖ್ಯೆ ಇನ್ನೂ ಬೆಲೆಯುಳ್ಳದ್ದು. ಆ ಸಂಖ್ಯೆಯನ್ನು ಹಿಡಿದು ಸಂಬಂಧಪಟ್ಟ ಸಂಸ್ಥೆಯ ದಾಸ್ತಾನು ಪುಸ್ತಕವನ್ನು ನೋಡಿದರೆ ಕೊಂಡ ದಿನಾಂಕ, ಬೆಲೆ, ಪೂರೈಸಿದವರ ಹೆಸರು ಮೂರೂ ಒಂದೇ ಸಾಲಿನಲ್ಲಿ ದೊರೆಯುತ್ತವೆ. ಇದಕ್ಕೆ ಪೂರಕವಾಗಿ ಗ್ರಂಥಾಲಯಗಳಲ್ಲಿನ ‘ಎಲೆಕ್ಟ್ರಾನಿಕ್ಸ್ ಫಾರ್ ಯೂ’, ‘ಡೇಟಾಕ್ವೆಸ್ಟ್’ ಪತ್ರಿಕೆಗಳ ಹಳೆಯ ಸಂಪುಟಗಳಲ್ಲಿನ ಜಾಹೀರಾತುಗಳನ್ನು ನೋಡಬೇಕು. ಯಾವ ಮಾದರಿಯನ್ನು ಯಾರು ಯಾವ ವರ್ಷ ಮಾರುತ್ತಿದ್ದರೆಂಬುದಕ್ಕೆ ಇವು ಸಮಕಾಲೀನ ಸಾಕ್ಷ್ಯಗಳು.

ಈ ಬಗೆಯ ಶೋಧನೆಯಿಂದ ನಮ್ಮ ನಾಡಿಗೆ ಆಗುವ ಲಾಭವೇನೆಂದು ಕೇಳಬಹುದು. ಕರ್ನಾಟಕ ಗಣಕಯಂತ್ರಗಳನ್ನು ಬಳಸಿದ ನಾಡು ಮಾತ್ರವಲ್ಲ, ಕಟ್ಟಿದ ನಾಡೂ ಹೌದು. ವಿಪ್ರೋ ಸಂಸ್ಥೆ 1981ರಲ್ಲಿ 8086 ಚಿಪ್‌ನ ಆಧಾರದ ಮೇಲೆ ‘ಸರಣಿ 86’ ಎಂಬ ಯಂತ್ರಗಳನ್ನು ಹೊರತಂದಿತು. ಅದರ ಯಂತ್ರಗಳ ಕಾರ್ಖಾನೆ ಇದ್ದುದು ಮೈಸೂರಿನಲ್ಲಿ. ಪಿ.ಎಸ್.ಐ. ಡೇಟಾ ಸಿಸ್ಟಮ್ಸ್ ಬೆಂಗಳೂರಿನಲ್ಲಿಯೇ ಹುಟ್ಟಿದ ಸಂಸ್ಥೆ. ಭಾರತೀಯ ವಿಜ್ಞಾನಮಂದಿರದ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಸೇರಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಕೈಯಂತ್ರದ ಮೊದಲ ಮಾದರಿ 2001ರಲ್ಲಿ ಪ್ರಕಟವಾಯಿತು, ಬಿ.ಇ.ಎಲ್. ಅದನ್ನು ತಯಾರಿಸಿತು. 1984ರ ನವೆಂಬರಿನ ಗಣಕಯಂತ್ರ ನೀತಿಯಿಂದ ಆಮದು ಸಡಿಲವಾಗಿ ಐ.ಬಿ.ಎಂ. ಮಾದರಿಯ ಯಂತ್ರಗಳು ಎಲ್ಲೆಡೆ ಹರಡಿದುವು. ಅದಕ್ಕೆ ಹಿಂದಿನ ಭಾರತೀಯ ಯಂತ್ರಗಳು ಸಂಖ್ಯೆಯಲ್ಲಿ ಸ್ವಲ್ಪ. ಅವುಗಳಲ್ಲಿ ಉಳಿದವು ಇನ್ನೂ ಸ್ವಲ್ಪ.

ಕನ್ನಡದ ಕುರುಹುಗಳು

ಕನ್ನಡ ಓದುಗರು ವಿಶೇಷವಾಗಿ ಗಮನಿಸಬೇಕಾದ ಎರಡು ವಸ್ತುಗಳಿವೆ. ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ಎಂಬ ಬೋರ್ಡು ಒಂದು. ಐ.ಬಿ.ಎಂ. ಮಾದರಿಯ ಯಂತ್ರದ ಸೀಳಿಗೆ ಇದನ್ನು ಸಿಕ್ಕಿಸಿದರೆ ತೆರೆಯ ಮೇಲೆ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳು ಮೂಡುತ್ತಿದ್ದುವು. ಗುಜರಿಯವರ ಕಣ್ಣಿಗೆ ಅದು ಇತರ ಬೋರ್ಡುಗಳಂತೆ ಒಂದು ಬೋರ್ಡು ಅಷ್ಟೆ. ಕೀಲಿಗಳ ಮೇಲೆ ಕನ್ನಡ ಅಕ್ಷರಗಳನ್ನು ಮುದ್ರಿಸಿದ ಕೀಬೋರ್ಡು ಇನ್ನೊಂದು. ಕೀಬೋರ್ಡುಗಳನ್ನು ಯಂತ್ರದಿಂದ ಬೇರ್ಪಡಿಸಿ ಪ್ಲಾಸ್ಟಿಕ್ಕಿನ ರಾಶಿಗೆ ಎಸೆಯುವುದು ರೂಢಿಯಾದ್ದರಿಂದ ಆ ಯಂತ್ರದಲ್ಲಿ ಕನ್ನಡದ ಕೆಲಸ ನಡೆಯಿತೆಂಬ ಸಾಕ್ಷ್ಯವೇ ನಷ್ಟವಾಗುತ್ತದೆ. ಆ ಕಾಲದ ಕಡತಗಳು 1991ರ ಇಸ್ಕಿ ಸಂಕೇತಕ್ರಮದಲ್ಲಿದ್ದರೆ ಇಂದಿನ ಯೂನಿಕೋಡ್ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಕಡತ ಕೆಟ್ಟಿದೆಯೆಂದು ಭಾವಿಸಿ ಬಿಸುಡದೆ ಸಂಕೇತಗಳನ್ನು ಪರಿವರ್ತಿಸಿ ನೋಡಬೇಕು.

ವಿಲೇವಾರಿಗೆ ಮುನ್ನ ಮಾಡಬೇಕಾದುದು

ವಿದ್ಯುನ್ಮಾನ ತ್ಯಾಜ್ಯವನ್ನು ಕುರಿತ ಕೇಂದ್ರದ ನಿಯಮಗಳು ಮೊದಲು 2012ರ ಮೇ ತಿಂಗಳಿನಿಂದ ಜಾರಿಗೆ ಬಂದುವು. ಪರಿಷ್ಕೃತವಾದ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ದೊಡ್ಡ ಪ್ರಮಾಣದ ಬಳಕೆದಾರರು ತಮ್ಮ ಹಳೆಯ ಯಂತ್ರಗಳನ್ನು ನೋಂದಾಯಿತ ಸಂಸ್ಥೆಗಳಿಗೇ ಒಪ್ಪಿಸಬೇಕು. ಬಯಲಿನಲ್ಲಿ ತಂತಿಗಳನ್ನು ಸುಟ್ಟು, ಬೋರ್ಡುಗಳನ್ನು ಆಮ್ಲದಲ್ಲಿ ಅದ್ದಿ ಲೋಹ ತೆಗೆಯುವುದರಿಂದ ಕೆಲಸಗಾರರಿಗೂ ನೆಲಕ್ಕೂ ನೀರಿಗೂ ಒದಗುವ ಹಾನಿಯನ್ನು ನೆನೆದರೆ ಈ ನಿಯಮಗಳು ಅವಶ್ಯವೇ ಆಗಿವೆ. ಆದರೆ ನೋಂದಾಯಿತ ಘಟಕಕ್ಕೆ ಹೋದ ಯಂತ್ರ ಬಹುಶಃ ಪುಡಿಯಾಗುತ್ತದೆ. ನೋಂದಣಿಯಿಲ್ಲದ ಅಂಗಡಿಗೆ ಹೋದುದು ಬಿಚ್ಚಿಹೋಗುತ್ತದೆ. ಚಿನ್ನದ ಮುಚ್ಚಳವುಳ್ಳ ಹಳೆಯ ಪಿಂಗಾಣಿ ಚಿಪ್‌ಗಳಿಗೆ ಹೆಚ್ಚು ಬೆಲೆ ಬರುವುದರಿಂದ ಮೊದಲು ಕಿತ್ತುಹೋಗುವವು ಅವೇ. ಕಾಲನಿರ್ಣಯಕ್ಕೆ ಅತ್ಯಂತ ಬೇಕಾದ ಸಾಕ್ಷ್ಯವೇ ಹೀಗೆ ಎಲ್ಲಕ್ಕಿಂತ ಮುಂಚೆ ನಾಶವಾಗುತ್ತದೆ.

ಪ್ರತಿಯೊಂದು ಯಂತ್ರವನ್ನೂ ಉಳಿಸಿಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಅದಕ್ಕೆ ಸ್ಥಳವೂ ಇಲ್ಲ, ಅಗತ್ಯವೂ ಇಲ್ಲ. ನಮ್ಮ ಸೂಚನೆ ಇಷ್ಟೆ. ಕಾಲೇಜುಗಳಲ್ಲಿ ನಿರುಪಯುಕ್ತ ವಸ್ತುಗಳ ವಿಲೇವಾರಿ ಸಮಿತಿ ಸೇರುವಾಗ, 1995ಕ್ಕಿಂತ ಹಿಂದಿನ ಗಣಕಯಂತ್ರಗಳಿದ್ದರೆ ಒಂದೊಂದಕ್ಕೂ ಒಂದು ಹಾಳೆಯ ವಿವರವನ್ನು ಬರೆದಿಡಬೇಕು: ಹೊರಗಣ ಹೆಸರು ಮತ್ತು ಕ್ರಮಸಂಖ್ಯೆ, ದಾಸ್ತಾನು ಸಂಖ್ಯೆ ಮತ್ತು ಪುಸ್ತಕದಲ್ಲಿನ ನಮೂದು, ಸಂಸ್ಕಾರಕ ಮತ್ತು ಸ್ಫಟಿಕದ ಸಂಖ್ಯೆ, ಸೀಳುಗಳ ಬಗೆ, ಕಾಲಸೂಚಿಗಳ ಪಟ್ಟಿ, ಕಿಟಕಿಯುಳ್ಳ ಚಿಪ್‌ಗಳ ಚೀಟಿ ಮತ್ತು ಸಾಧ್ಯವಾದರೆ ಅವುಗಳ ಬರಹದ ಪ್ರತಿ, ದುರಸ್ತಿಯ ಗುರುತುಗಳು, ಬಿಚ್ಚುವ ಮುನ್ನ ತೆಗೆದ ನಾಲ್ಕು ಛಾಯಾಚಿತ್ರಗಳು. ವಿದ್ಯಾರ್ಥಿಗಳಿಬ್ಬರು ಕುಳಿತರೆ ಒಂದು ಯಂತ್ರಕ್ಕೆ ಅರ್ಧ ದಿನ ಸಾಕು. ಅದನ್ನು ಬಳಸಿದ ನಿವೃತ್ತ ಅಧ್ಯಾಪಕರೂ ಪ್ರಯೋಗಾಲಯದ ಸಹಾಯಕರೂ ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಮಾತನ್ನು ಕೇಳಿ ಆ ಹಾಳೆಗೆ ಸೇರಿಸಬೇಕು. ಹಾಳೆಯ ಒಂದು ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿಯೂ ಇನ್ನೊಂದು ದಾಸ್ತಾನು ಪುಸ್ತಕದೊಡನೆಯೂ ಇದ್ದರೆ, ಯಂತ್ರ ಇಲ್ಲವಾದ ಮೇಲೂ ಅದನ್ನು ಕುರಿತು ಪ್ರಶ್ನೆ ಕೇಳುವವರಿಗೆ ಉತ್ತರ ದೊರೆಯುವಂತಾಗುತ್ತದೆ.